ನಾಲ್ಕು ಹೊಲಿಗೆ ಸೇರುವ ಜಾಗ

ಫೆಬ್ರವರಿ ೩

ಡಾಕ್ಟರಮ್ಮನ ಕೋಣೆಯಲ್ಲಿ ನಮಗಾಗಿ ಮೂರು ಕುರ್ಚಿ ಹಾಕಿದ್ದರು. ಅಪ್ಪ ಒಳಗೆ ಬರಲಿಲ್ಲ. "ಹೆಂಗಸರ ವಿಷಯ, ನೀವೇ ಮಾತಾಡ್ಕೊಂಡು ಬನ್ನಿ" ಎಂದು ಹೊರಗಿನ ಗೋಡೆಗೆ ಒರಗಿ ನಿಂತರು. ಅವರ ಕುರ್ಚಿಯ ಮೇಲೆ ಅಮ್ಮ ತನ್ನ ಕೈಚೀಲ ಇಟ್ಟಳು.

"ಎಷ್ಟು ದಿನದಿಂದ ರಕ್ತ ಹೋಗ್ತಿತ್ತು?" ಡಾಕ್ಟರಮ್ಮ ಕೇಳಿದರು.

ಅಮ್ಮ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅದರಲ್ಲೊಂದು ದೀಪಸ್ತಂಭ, ಅದರ ಎತ್ತರಕ್ಕೂ ಎದ್ದ ಅಲೆ. ಅಲೆ ಬಡಿಯುವ ಆ ಒಂದು ಗಳಿಗೆಗಾಗಿ ಚಿತ್ರ ತೆಗೆದವನು ಎಷ್ಟು ಹೊತ್ತು ಕಾದಿದ್ದನೋ ಎಂದು ಯೋಚಿಸುತ್ತ ಕೂತೆ.

"ನಿಮ್ಮಿಬ್ಬರಲ್ಲಿ ಬಾಯಿ ಯಾರಿಗಿದೆ?" ಎಂದರು ಡಾಕ್ಟರಮ್ಮ.

ಕೊನೆಗೆ ಅಮ್ಮ, "ಸುಮಾರು ದಿನ ಆಯ್ತು" ಎಂದಳು. ಸುಮಾರು ಅಂದರೆ? "ಹೋದ ವರ್ಷ." ಪಕ್ಕದ ಮನೆಯವರ ಸುದ್ದಿ ಹೇಳುವ ದನಿ. ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಮತ್ತೆ ಶುರುವಾಗಿತ್ತಂತೆ. ಆ ವರ್ಷವೆಲ್ಲ ನಾನು ಅದೇ ಮನೆಯಲ್ಲಿ, ಅವಳ ಹೊಲಿಗೆ ಮಿಷನ್ನಿನ ಪಕ್ಕದ ಮಂಚದಲ್ಲಿ, ಪದವಿಯ ಕೊನೆಯ ಪರೀಕ್ಷೆಗೆ ಓದುತ್ತಿದ್ದೆ.

ಕಾಯಿಲೆ ಅಲ್ಲಿದೆ. ಅಲ್ಲಿ ಎಂದರೆ ಅಲ್ಲಿ. ಬರೆಯಲು ಕೈ ಬರುತ್ತಿಲ್ಲ. ಗಡ್ಡೆ ಅಕ್ಕಪಕ್ಕಕ್ಕೆ ಹರಡಿ ಮೂತ್ರನಾಳಗಳನ್ನು ಒತ್ತಿದೆ, ಮೂತ್ರಪಿಂಡಗಳು ಸೋತಿವೆ. ವಿಕಿರಣದ ಜೊತೆಗೆ ಎಲ್ಲರಿಗೂ ಹನಿಯಾಗಿ ಏರಿಸುವ ಔಷಧಿಯನ್ನು ಅಮ್ಮನ ಮೈ ತಾಳುವುದಿಲ್ಲ. ಅದರ ಬದಲು ವಾರಕ್ಕೊಮ್ಮೆ ವಿಕಿರಣವಾದ ಕೂಡಲೇ ಕಿಬ್ಬೊಟ್ಟೆಗೆ ಶಾಖ ಕೊಡುತ್ತಾರಂತೆ. "ಏಟು ತಿಂದ ಗಡ್ಡೆ ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳೋಕೆ ಕೂರುತ್ತೆ. ಬಿಸಿ ಏರಿಸಿಬಿಟ್ರೆ ಆ ಕೆಲಸಕ್ಕೆ ಆಳು ಸಿಗಲ್ಲ ಅದಕ್ಕೆ" ಎಂದು ಡಾಕ್ಟರಮ್ಮ ನಕ್ಕರು. ನಾವು ನಗಲಿಲ್ಲ.

"ನೋವಿನ ಮಾತ್ರೆ ಬೇಕಾದಷ್ಟು ನುಂಗಿದೀರಲ್ಲ, ಕಿಡ್ನಿಗೆ ಅದೂ ಪೆಟ್ಟೇ. ಯಾರು ಕೊಡ್ತಿದ್ರು?"

ಅಮ್ಮ ಬಾಗಿಲ ಕಡೆ ನೋಡಿದಳು. ಬಾಗಿಲ ಆಚೆ ಅಪ್ಪನ ಚಪ್ಪಲಿ ಕಾಣುತ್ತಿತ್ತು. ನಾನು ಹುಟ್ಟಿದಾಗಿನಿಂದ ಅಪ್ಪ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಾರೆ.

ಫೆಬ್ರವರಿ ೧೦

ಇಂದಿನಿಂದ ವಿಕಿರಣ. ಕಾಯುವ ಬೆಂಚಿನಲ್ಲಿ ಎಲ್ಲರೂ ಅದನ್ನು ಕರೆಂಟ್ ಎನ್ನುತ್ತಾರೆ. "ನಿಮ್ಮ ಕರೆಂಟ್ ಆಯ್ತಾ?" "ಇಲ್ಲ, ನಂದಿನ್ನೂ ಬಂದಿಲ್ಲ." ಹೊಸಬರು ಕೇಳಿದರೆ ಯಾವುದೋ ಕತ್ತಲೆಯ ಬಡಾವಣೆಯ ಮಾತು ಎಂದುಕೊಳ್ಳಬೇಕು.

ಅಮ್ಮನ ಪಕ್ಕ ಕೂತವಳು ಬಸ್ ಕಂಡಕ್ಟರ್. ಖಾಕಿ ಅಂಗಿ ಬಿಚ್ಚಿ ವಾರಗಳಾಗಿದ್ದರೂ ದನಿ ಇನ್ನೂ ಬಸ್ಸಿನ ಹಿಂದಿನ ಸೀಟಿಗೆ ಮುಟ್ಟುತ್ತದೆ.

"ನಿಮ್ದು ಎಲ್ಲಿ?" ಎಂದು ಅಮ್ಮನನ್ನು ಕೇಳಿದಳು.

"ಸೊಂಟ" ಎಂದಳು ಅಮ್ಮ.

"ಸೊಂಟಕ್ಕೆ ಯಾರ್ರೀ ಕರೆಂಟ್ ಕೊಡ್ತಾರೆ? ಈ ಬೆಂಚಲ್ಲಿ ಕೂತೋರೆಲ್ಲ ಗರ್ಭಕೋಶದ ಬಾಯಿಯೋರೇ. ಒಂದೇ ರೂಟು, ಒಂದೇ ಬಸ್ಸು. ಎಲ್ಲಿ ಇಳೀತೀವೋ ಅದೊಂದು ಬೇರೆ."

ಎದುರಿನ ಬೆಂಚಿನ ಗಂಡಸರು ತಲೆ ತಗ್ಗಿಸಿದರು. ಅಮ್ಮ ಸೆರಗು ಸರಿಮಾಡಿಕೊಂಡು ಅರ್ಧ ಅಡಿ ದೂರ ಸರಿದಳು. ನಾನು ಕೈಯಲ್ಲಿದ್ದ ಪುಸ್ತಕ ತೆರೆದೆ.

"ಮಗಳೋ? ಏನ್ ಮಾಡ್ಕೊಂಡಿದಾಳೆ?"

"ಸಾಹಿತ್ಯ ಓದಿದಾಳೆ" ಎಂದಳು ಅಮ್ಮ, ಕ್ಷಮೆ ಕೇಳುವ ಹಾಗೆ.

"ಓ, ಪುಸ್ತಕದ ಹುಳ. ಕಚ್ಚಲ್ಲ ಬಿಡಿ."

ಫೆಬ್ರವರಿ ೧೨

ಮೊದಲ ಶಾಖ. ಆ ಕೋಣೆಗೆ ಬೆಂಚಿನವರು ಇಟ್ಟ ಹೆಸರು ಬಚ್ಚಲು.

ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ. ಜೋಲಿಯಂಥ ಹಾಸಿಗೆ. ಅಮ್ಮನ ಕಿಬ್ಬೊಟ್ಟೆಯ ಸುತ್ತ ದೊಡ್ಡ ಬಳೆಯಂಥ ಯಂತ್ರ. ಬಳೆಗೂ ಮೈಗೂ ನಡುವೆ ನೀರು ತುಂಬಿದ ಚೀಲ. ಅದು ಚರ್ಮವನ್ನು ತಣ್ಣಗಿಡುತ್ತದೆ, ಬಿಸಿ ಒಳಗೆ ಹೋಗುತ್ತದೆ. ಶಾಖ ಎಷ್ಟೆಂದು ತಿಳಿಯಲು ಕೂದಲಿನಷ್ಟು ತೆಳುವಾದ ತಂತಿಗಳನ್ನು ಒಳಗೆ ಇಡುತ್ತಾರೆ. ಎಲ್ಲೆಲ್ಲಿ ಎಂದು ನರ್ಸಮ್ಮ ಪರದೆ ಎಳೆದು ನೋಡಿಕೊಂಡರು, ನಾನು ನೋಡಲಿಲ್ಲ. ಹಳದಿ ಗೆರೆಯ ಆಚೆ, ಅಮ್ಮನ ತಲೆಯ ಕಡೆ ಸ್ಟೂಲ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಹಣೆ ಒರೆಸುವುದು ನನ್ನ ಕೆಲಸ.

ಯಂತ್ರ ನಡೆಸುವವರು ಒಬ್ಬರೇ, ನಡುವಯಸ್ಸಿನ ಗಂಡಸು. ಬಕ್ಕತಲೆ, ಬಾಯಿ ತುಂಬ ಮಾತು. ಅವರ ಮೇಜು ಗಾಜಿನ ಆಚೆ, ಕಾಯುವ ಬೆಂಚುಗಳ ಪಕ್ಕದಲ್ಲೇ. ಒಳಗಿನ ಮಾತು ಅವರ ಮೇಜಿನ ಸ್ಪೀಕರಿನಲ್ಲಿ ಕೇಳುತ್ತದೆ. ಎಂದರೆ ಬೆಂಚಿನವರಿಗೆಲ್ಲ ಕೇಳುತ್ತದೆ.

"ನೋಡಿ ತಾಯಿ" ಎಂದರು ಅವರು ಮೊದಲೇ. "ತಂತಿ ಇರೋ ಕಡೆ ಎಷ್ಟು ಬಿಸಿ ಅಂತ ನಂಗೆ ಕಾಣುತ್ತೆ. ತಂತಿ ಇಲ್ಲದ ಕಡೆ ನಿಮ್ಮ ನಾಲಿಗೇನೇ ತಂತಿ. ಮೈಯೆಲ್ಲ ಬಿಸಿ ಆಗೋದು ಸರಿ. ಒಂದೇ ಜಾಗದಲ್ಲಿ ಚುರ್ ಅಂದ್ರೆ ತಕ್ಷಣ ಹೇಳಿ. ಜಾಗ ಹೇಳಿ. ಸುಮ್ನೆ ಬಿಸಿ ಬಿಸಿ ಅಂದ್ರೆ ಯಾವ ಕಡೆ ಇಳಿಸ್ಲಿ ನಾನು?"

"ಆಗಲಿ" ಎಂದಳು ಅಮ್ಮ.

ಮುಖದ ಮೇಲೆ ಬೆವರು ಮೊದಲು ಮಣಿಯಾಗಿ, ಆಮೇಲೆ ಗೆರೆಯಾಗಿ ಇಳಿಯಿತು. "ಹೇಗಿದೆ ತಾಯಿ?" ಎಂದು ಸ್ಪೀಕರ್ ಕೇಳಿದಾಗಲೆಲ್ಲ ಅಮ್ಮನದು ಒಂದೇ ಉತ್ತರ: "ಹಿತವಾಗಿದೆ."

ಫೆಬ್ರವರಿ ೧೬

ಭಾನುವಾರ, ಕರೆಂಟಿಗೂ ರಜೆ. ದೊಡ್ಡಪ್ಪ ದೊಡ್ಡಮ್ಮ ನೋಡಲು ಬಂದರು. ಅಪ್ಪ ಬಾಗಿಲಲ್ಲೇ "ಸೊಂಟದ ನರ ಹಿಡ್ಕೊಂಡಿದೆ" ಎಂದರು. "ಮಿಷನ್ ತುಳಿದೂ ತುಳಿದೂ" ಎಂದರು ದೊಡ್ಡಮ್ಮ. ಅಮ್ಮ ಹೌದೆಂದು ತಲೆಯಾಡಿಸಿದಳು. ಅವಳ ಮುಖದಲ್ಲಿ ಉಪಕಾರ ಸ್ಮರಣೆಯಂಥದೇನೋ ಇತ್ತು.

ಅವರು ಹೋದ ಮೇಲೆ ಟವೆಲ್ ತೆಗೆಯಲು ಅಮ್ಮನ ಬೀರು ತೆರೆದೆ. ಕೆಳಗಿನ ಅರೆಯಲ್ಲಿ ಕಪ್ಪು ಕವರುಗಳು, ಅವುಗಳೊಳಗೆ ಪ್ಯಾಡಿನ ಕಟ್ಟುಗಳು. ಅಪ್ಪನ ಅಂಗಡಿಯ ಕವರು. ಈ ಮನೆಯಲ್ಲಿ ಮುಟ್ಟಾಗುವವಳು ನಾನೊಬ್ಬಳೇ. ನನಗೆ ಬೇಕಾದದ್ದನ್ನು ನಾಚಿಕೆಯಿಂದ ಎರಡು ಬೀದಿ ಆಚೆಯ ಅಂಗಡಿಯಲ್ಲಿ ನಾನೇ ಕೊಳ್ಳುತ್ತೇನೆ.

ಅಮ್ಮ ನನ್ನ ಬೆನ್ನ ಹಿಂದೆ ನಿಂತಿದ್ದಳು. "ಖಾಲಿ ಕವರು ಅವರ ಊಟದ ಡಬ್ಬಿ ಪಕ್ಕ ಇಡ್ತಿದ್ದೆ. ಸಂಜೆ ತುಂಬ್ಕೊಂಡು ಬರೋರು" ಎಂದಳು.

"ಏನೂ ಕೇಳ್ತಿರಲಿಲ್ವಾ?"

"ಏನಂತ ಕೇಳ್ತಾರೆ ಪಾಪ?" ಬೀರು ಮುಚ್ಚುತ್ತ, "ಸುಸ್ತಿಗೆ ಟಾನಿಕ್ಕೂ ತರೋರು" ಎಂದಳು.

ಇದರ ಮೇಲೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಟಾನಿಕ್ಕು ಕೆಂಪಗಿರುತ್ತದೆ. ಇಷ್ಟೇ.

ಫೆಬ್ರವರಿ ೧೯

ಎರಡನೆಯ ಶಾಖ. ಇಂದು ಅಮ್ಮ ಮಧ್ಯದಲ್ಲಿ ಒಮ್ಮೆ "ಸೊಂಟ" ಎಂದಳು.

"ಯಾವ ಕಡೆ ತಾಯಿ?"

"ಎಡಗಡೆ."

"ಎಡಗಡೆ ಇಳಿಸ್ತೀನಿ, ಬಲಕ್ಕೆ ಸ್ವಲ್ಪ ತಳ್ತೀನಿ. ಈಗ?"

"ಹೂಂ."

ಅಮ್ಮನ ಕಾಲಿನ ಬೆರಳುಗಳು ಒಳಕ್ಕೆ ಮುದುಡಿದವು. ಸೂಜಿ ಚುಚ್ಚಿದರೂ ಬೆರಳು ಅಲುಗಿಸದೆ ಹೊಲಿಗೆ ಮುಗಿಸುವವಳು. ತುಟಿ ಬಿಗಿದು, ಕಣ್ಣು ಚಾವಣಿಯಲ್ಲಿಟ್ಟು ಮಲಗಿದ್ದಳು. ಬೆವರಿದ ಆ ಮುಖ ತೊಳೆದ ಕಂಚಿನ ವಿಗ್ರಹದ ಹಾಗಿತ್ತು. ಸಹನೆಗೆ ಒಂದು ರೂಪವಿದ್ದರೆ ಇದೇ ಎನ್ನಿಸಿತು. ಎಲ್ಲಾದರೂ ಕವಿತೆಯಲ್ಲಿ ಬಳಸಬಹುದು.

ಫೆಬ್ರವರಿ ೨೧

ಅಮ್ಮ ಕುಂಟುತ್ತಿದ್ದಾಳೆ. ಮಿಷನ್ನಿನ ಮುಂದೆ ಕೂರಲಿಲ್ಲ. ಕೇಳಿದರೆ "ಸೊಂಟ" ಎಂದಳು.

ಫೆಬ್ರವರಿ ೨೬

ಶಾಖವಿಲ್ಲ. ತಂತಿ ಇಡಲು ಪರದೆ ಎಳೆದ ನರ್ಸಮ್ಮ, "ಅಯ್ಯೋ, ಇದೇನ್ರೀ ಇದು!" ಎಂದು ಕೂಗಿದರು.

ಸುಟ್ಟಿದೆ. ಬಲಗಡೆಯ ತೊಡೆಸಂದಿನಿಂದ ಒಳಕ್ಕೆ, ಅಲ್ಲಿ. ಮೇಲೆ ಬೊಬ್ಬೆ ಎದ್ದು ಒಡೆದಿದೆ, ಅಡಿಯಲ್ಲಿ ಕೊಬ್ಬು ಸುಟ್ಟು ಅಡಿಕೆಯಷ್ಟು ಗಟ್ಟಿಯಾಗಿದೆ. ಹೋದ ವಾರದ್ದು. ಬಿಸಿ ತಗುಲಿದ್ದು ಅಲ್ಲಿ, ಅಮ್ಮ ತೋರಿಸಿದ್ದು ಸೊಂಟದ ಎಡಗಡೆ. ಆ ಮನುಷ್ಯ ಅವಳು ಹೇಳಿದ ಕಡೆ ಇಳಿಸಿ, ಇದ್ದಬದ್ದ ಶಾಖವನ್ನು ಸುಡುತ್ತಿದ್ದ ಕಡೆಗೇ ತಳ್ಳಿದ್ದರು.

ಯಂತ್ರದವರು ಬಕ್ಕತಲೆಯ ಮೇಲೆ ಕೈ ಹೊತ್ತು ಕೂತರು. "ನಾನು ಕೇಳಿದೆ ತಾಯಿ. ನಾನು ಕೇಳಿದೆ."

ಡಾಕ್ಟರಮ್ಮ ಬಂದರು. "ಈ ವಾರ ಶಾಖ ಆಗಲ್ಲ. ಕರೆಂಟ್ ನಿಲ್ಸೋ ಹಾಗಿಲ್ಲ. ತಪ್ಪಿದ ಶಾಖ ತಪ್ಪಿದ್ದೇ, ಕೊನೇಲಿ ಸೇರಿಸ್ಕೊಳ್ಳೋಕೆ ಇದೇನು ರಜೆಯಲ್ಲ. ಯಾಕಮ್ಮ ಹೇಳ್ಲಿಲ್ಲ ನೀವು?"

ಅಮ್ಮ ಗೋಡೆಯ ಕಡೆ ತಿರುಗಿ ಮಲಗಿ, "ಗಂಡಸಿನ ಹತ್ರ ಹೇಗೆ ಹೇಳೋದು? ಯಾವ ಕಡೆ ಅಂದಾಗ ಬಾಯಿಗೆ ಬಂದಿದ್ದು ಹೇಳ್ದೆ. ಆಚೆ ಎಲ್ಲ ಕೂತಿರ್ತಾರೆ" ಎಂದಳು.

"ಈ ಯಂತ್ರ ಕಲಿತ ಹೆಂಗಸು ನಮ್ಮಲ್ಲಿಲ್ಲ. ಇನ್ನೂ ಎರಡು ಸಲ ಉಳಿದಿದೆ. ಅದೂ ಕಳ್ಕೋತೀರಾ?" ನನ್ನ ಕಡೆ ತಿರುಗಿದರು. "ನೀನು ಅಲ್ಲೇ ಕೂತಿದ್ದೆಯಲ್ಲ?"

ಕೂತಿದ್ದೆ. ಕಂಚಿನ ವಿಗ್ರಹ ನೋಡುತ್ತಿದ್ದೆ.

ಕೌಂಟರಿನಲ್ಲಿ ಮುಲಾಮು ಕೊಡುವವನು ನಾನು ಎರಡು ಸಲ ಕೂಗಿದರೂ ತಿರುಗಲಿಲ್ಲ. ಗಾಜು ತಟ್ಟಿದೆ. ತಿರುಗಿದ.

ಬೆಂಚಿನಲ್ಲಿ ಕಂಡಕ್ಟರ್ ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಇವತ್ತು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ನಾನು ರಕ್ತ ಕಂಡ ಮೊದಲ ದಿನಾನೇ ಹೇಳಿದ್ದೆ ಕಣೇ ಹುಳ. ಡಿಪೋದಲ್ಲಿ ಹೇಳ್ದೆ, ನಕ್ರು. ಡಾಕ್ಟರಿಗೆ ಹೇಳ್ದೆ, ವಯಸ್ಸಾಯ್ತು, ಮುಟ್ಟು ನಿಲ್ಲೋ ಕಾಲ, ಹೀಗೇ ಇರುತ್ತೆ ಅಂತ ಒಂದು ವರ್ಷ ಮಾತ್ರೆ ಕೊಟ್ಟ. ಬಾಯಿ ಇದ್ದೋರಿಗೂ ಇದೇ ಬೆಂಚು."

ಫೆಬ್ರವರಿ ೨೮

ಮಧ್ಯಾಹ್ನ ಅಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಗಿರಾಕಿಯೊಬ್ಬರ ಪ್ಯಾಂಟಿಗೆ ಕೈಹೊಲಿಗೆ ಹಾಕುತ್ತಿದ್ದಳು. ಮಿಷನ್ ತುಳಿಯಲು ಆಗುವುದಿಲ್ಲ, ಸುಮ್ಮನೆ ಕೂರಲೂ ಬರುವುದಿಲ್ಲ. ಬೀದಿಯ ಅರ್ಧ ಹೆಂಗಸರ ಮೈ ಅಳೆದ ಕೈ ಅದು. ಅಳತೆ ತೆಗೆಯುವಾಗಲೂ ಅಮ್ಮ ಹೆಸರು ಹೇಳುವುದಿಲ್ಲ. ಟೇಪು ಹಿಡಿದು "ಇಲ್ಲಿ" ಎನ್ನುತ್ತಾಳೆ, "ಕೆಳಗೆ" ಎನ್ನುತ್ತಾಳೆ.

"ಅಲ್ಲಿ ಸುಟ್ಟರೆ ನನಗಾದರೂ ಹೇಳು" ಎಂದೆ.

"ಏನಂತ?"

ನನಗೂ ಹೊಳೆಯಲಿಲ್ಲ. ಸಾಹಿತ್ಯದಲ್ಲಿ ಮೊದಲ ದರ್ಜೆ ನನ್ನದು. ಆ ಮಾತನ್ನು ಹಳೆಯ ಪದ್ಯಗಳ ಟಿಪ್ಪಣಿಯಲ್ಲಿ ಓದಿದ್ದೇನೆ, ಬಾಯಿಬಿಟ್ಟು ಒಮ್ಮೆಯೂ ಅಂದಿಲ್ಲ.

ಅಮ್ಮ ಕೈಯಲ್ಲಿದ್ದ ಪ್ಯಾಂಟನ್ನು ತಿರುವಿ ಕಾಲೆರಡೂ ಕೂಡುವಲ್ಲಿ ಹೆಬ್ಬೆರಳಿಟ್ಟಳು. "ಇದನ್ನ ನಾಲ್ಕು ಹೊಲಿಗೆ ಅಂತೀವಿ. ಮುಂದಿನ್ದು, ಹಿಂದಿನ್ದು, ಕಾಲಿನ್ದೆರಡು. ಎಲ್ಲ ಸೇರೋದು ಇಲ್ಲೇ. ಮೊದಲು ಬಿಚ್ಚೋದೂ ಇಲ್ಲೇ."

"ಹಾಗಾದರೆ ಹಾಗೇ ಹೇಳು."

"ಅವರಿಗೇನು ಗೊತ್ತಾಗುತ್ತೆ?"

"ಅವರಿಗೆ ನಾನು ಹೇಳ್ತೀನಿ."

ಅಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀನು? ಅಂಗಡೀಲಿ ಚಿಲ್ಲರೆ ಕಮ್ಮಿ ಕೊಟ್ರೂ ಕೇಳದೆ ಬರೋಳು!" ಎಂದು ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ನಕ್ಕರೆ ಸುಟ್ಟ ಜಾಗ ಎಳೆಯುತ್ತದೆ, ಅಲ್ಲಿಗೇ ನಿಲ್ಲಿಸಿದಳು.

ಮಾರ್ಚ್ ೫

ಗಾಯ ಆರಿದೆ, ಗಟ್ಟಿ ಇನ್ನೂ ಇದೆ. ಆ ಕಡೆಗೆ ತಣ್ಣೀರಿನ ಇನ್ನೊಂದು ಚಿಕ್ಕ ಚೀಲ ಇಟ್ಟು ಶಾಖ ಶುರುಮಾಡಿದರು.

ಅರ್ಧ ಮುಗಿದಿರಬಹುದು. ಅಮ್ಮ ಮೆಲ್ಲಗೆ "ನಾಲ್ಕು ಹೊಲಿಗೆ" ಎಂದಳು.

ನಾನು ಗಾಜಿನ ಕಡೆ ತಿರುಗಿ, "ಸುಡ್ತಿದೆಯಂತೆ" ಎಂದೆ.

"ಎಲ್ಲಿ?"

"ಕೆಳಗೆ."

"ಕೆಳಗೆ ಅಂದ್ರೆ ಅಂಗಾಲಿನ ತನಕ ಇದೆಯಲ್ಲಮ್ಮ, ಯಾವ ಕೆಳಗೆ?"

"ಅಲ್ಲಿ."

"ಏಯ್, ಬೇಗ! ಜಾಗ ಹೇಳು!"

ಗಾಜಿನ ಆಚೆ ಬೆಂಚಿನ ತಲೆಗಳೆಲ್ಲ ಸ್ಪೀಕರಿನತ್ತ ತಿರುಗಿದ್ದು ಕಂಡಿತು. ಅಮ್ಮ ನನ್ನ ಮಣಿಕಟ್ಟು ಹಿಡಿದಿದ್ದಳು, ಉಗುರು ಇಳಿಯುತ್ತಿತ್ತು.

"ಯೋನಿ" ಎಂದೆ. ದನಿ ಒಡೆಯಿತು. ಮತ್ತೆ ಹೇಳಬೇಕಾಯಿತು. "ಯೋನಿಯ ಹೊರಗೆ. ಬಲಗಡೆ. ಹೋದ ಸಲ ಸುಟ್ಟ ಕಡೆ."

"ಸರಿ, ಇಳೀತು" ಎಂದಿತು ಸ್ಪೀಕರ್. ಅಷ್ಟೇ. ಚಾವಣಿ ಕುಸಿಯಲಿಲ್ಲ. ಅಮ್ಮನ ಬೆರಳುಗಳು ಸಡಿಲಾದವು. ಆಮೇಲೆ ಇನ್ನೆರಡು ಸಲ ಹೇಳಬೇಕಾಯಿತು, ಹೇಳಿದೆ. ಶಾಖ ಪೂರ್ತಿ ಮುಗಿಯಿತು.

ಹೊರಗೆ ಬಂದಾಗ ಯಂತ್ರದವರು, "ಅನುವಾದಕಿ ಪರವಾಗಿಲ್ಲ" ಎಂದರು. ಕಂಡಕ್ಟರ್ ಅಕ್ಕ ಎರಡು ಬೆರಳು ಬಾಯಿಗಿಟ್ಟು ರೈಟ್ ಎನ್ನುವ ಸೀಟಿ ಹೊಡೆದಳು. ಅಮ್ಮ ಮಾತ್ರ ಮುಖ ಮುಚ್ಚಿಕೊಂಡು ಮೆಟ್ಟಿಲಿಳಿದಳು.

ಕೈಯಲ್ಲಿ ನಾಲ್ಕು ಉಗುರಿನ ಗುರುತು. ಇವತ್ತು ಪುಸ್ತಕ ತೆಗೆದುಕೊಂಡು ಹೋಗಲು ಮರೆತಿದ್ದೆ.

ಮಾರ್ಚ್ ೯

ದೊಡ್ಡಪ್ಪ ದೊಡ್ಡಮ್ಮ ಮತ್ತೆ ಬಂದರು. ದೊಡ್ಡಮ್ಮ ಒಂದು ಶೀಶೆ ಎಣ್ಣೆ ತಂದಿದ್ದರು, ಸೊಂಟಕ್ಕೆ ಹಚ್ಚಲು. ಅಮ್ಮ ಮಲಗಿಯೇ ಇದ್ದಳು. ಈಗ ಏನು ತಿಂದರೂ ಭೇದಿ, ಎದ್ದು ಕೂರಲು ಶಕ್ತಿಯಿಲ್ಲ.

"ಅಲ್ಲಾ, ಒಂದು ಸೊಂಟ ನೋವಿಗೆ ದಿನಾ ಆಸ್ಪತ್ರೆಯಾ?" ಎಂದರು ದೊಡ್ಡಮ್ಮ. "ನಂಗೂ ಇದೆಯಪ್ಪ ಸೊಂಟ ನೋವು. ನಾನೇನು ಹಾಸಿಗೆ ಹಿಡಿದಿದೀನಾ? ಮನಸ್ಸು ಗಟ್ಟಿ ಮಾಡ್ಕೋಬೇಕು."

ಅಪ್ಪ, "ನಾನೂ ಅದನ್ನೇ ಹೇಳೋದು" ಎಂದರು.

ಆ ಮಾತು ಕೇಳಿದ ಮೇಲೆ ನಾನು ಲೋಟಗಳಿದ್ದ ತಟ್ಟೆಯನ್ನು ಕೆಳಗಿಟ್ಟೆ.

"ಸೊಂಟ ಅಲ್ಲ ದೊಡ್ಡಮ್ಮ, ಗರ್ಭಕೋಶದ ಕ್ಯಾನ್ಸರ್. ಒಂದು ವರ್ಷ ರಕ್ತ ಹೋಗಿದೆ. ಅಪ್ಪಂಗೆ ಗೊತ್ತಿತ್ತು. ಪ್ಯಾಡ್ ತಂದು ಕೊಟ್ಟಿದ್ದೇ ಅವರು, ಕಪ್ಪು ಕವರಲ್ಲಿ. ಯಾಕೆ ಅಂತ ಒಂದು ದಿನ ಕೇಳ್ಲಿಲ್ಲ. ಊರೋರಿಗೆಲ್ಲ ಯಾವ ನೋವಿಗೆ ಯಾವ ಡಾಕ್ಟರು ಅಂತ ಹೇಳಿ ಕಳಿಸ್ತಾರೆ, ಮನೇಲಿ ಟಾನಿಕ್ಕು ಕೊಟ್ರು."

ದೊಡ್ಡಪ್ಪ ಕಿಟಕಿಯ ಕಡೆ ಹೋದರು. ದೊಡ್ಡಮ್ಮ ಎಣ್ಣೆಯ ಶೀಶೆಯನ್ನು ಏನು ಮಾಡುವುದೆಂದು ತಿಳಿಯದೆ ಮತ್ತೆ ಚೀಲಕ್ಕೆ ಹಾಕಿಕೊಂಡರು. ಅಪ್ಪನ ಮುಖ ಬೂದಿಯ ಬಣ್ಣವಾಯಿತು. "ನಾನು... ಅದು ವಯಸ್ಸಿಗೆ ಬರೋದು ಅಂದ್ಕೊಂಡೆ" ಎಂದರು. ಅಂಗಡಿಯಲ್ಲಿ ಗಿರಾಕಿ ಜಗಳಕ್ಕೆ ಬಂದಾಗಿನ ದನಿ.

ಗೆದ್ದೆ ಎಂದುಕೊಂಡೆ. ಅವರೆಲ್ಲ ಹೋದ ಮೇಲೆ ಅಮ್ಮನ ಹತ್ತಿರ ಹೋದೆ.

"ನಡುಮನೆಯಲ್ಲಿ ನನ್ನ ಬಟ್ಟೆ ಬಿಚ್ಚಿ ನಿಲ್ಲಿಸಿದೆಯಲ್ಲೇ" ಎಂದಳು.

"ಅಮ್ಮ, ಸುಳ್ಳು ಹೇಳ್ತಿದ್ರು..."

"ಸುಳ್ಳು ನಂದು. ನಾನು ಹೇಳ್ಕೊಂಡು ಬಂದಿದ್ದು. ಅದನ್ನ ಕೀಳೋಕೆ ನೀನ್ಯಾರು? ಬಚ್ಚಲಲ್ಲಿ ನನ್ನ ಬಾಯಿ ನಿಂಗೆ ಕೊಟ್ಟೆ ಅಂತ ಬೀದೀಲೂ ಕೊಟ್ನಾ?"

ತಿರುಗಿ ಮಲಗಿದಳು.

ಮಾರ್ಚ್ ೧೧

ಅಮ್ಮ ಮಾತಾಡುತ್ತಿಲ್ಲ. ಅಪ್ಪನೂ ಇಲ್ಲ. ಮೂವರೂ ಒಬ್ಬರನ್ನೊಬ್ಬರು ಮುಟ್ಟದ ಹಾಗೆ ಸರಿದಾಡುತ್ತೇವೆ. ಮಾತಿಲ್ಲದ ಮನೆ ನಮಗೆ ಹೊಸದೇನಲ್ಲ. ಮೊದಲು ಅದು ಕೇಳಿಸುತ್ತಿರಲಿಲ್ಲ.

ನಾಳೆ ಕೊನೆಯ ಶಾಖ.

ಮಾರ್ಚ್ ೧೨

ಬಚ್ಚಲ ಬಾಗಿಲಲ್ಲಿ ಅಮ್ಮ ಕೈ ಅಡ್ಡ ಹಿಡಿದಳು. "ನೀನು ಹೊರಗೇ ಇರು." ಮೂರು ದಿನದಲ್ಲಿ ನನ್ನೊಡನೆ ಆಡಿದ ಮೊದಲ ಮಾತು.

"ಯಾಕೆ, ಅನುವಾದಕಿಗೆ ರಜೆಯಾ?" ಎಂದರು ಯಂತ್ರದವರು. ಅಮ್ಮನ ಮುಖ ನೋಡಿ ನಗು ನುಂಗಿಕೊಂಡರು.

"ಅಮ್ಮ, ಹಟ ಬೇಡ. ಇದೊಂದು ಸಲ..."

"ಹೊರಗಿರು ಅಂದೆ."

ಬಾಗಿಲು ಮುಚ್ಚಿತು. ತಲೆಯ ಹತ್ತಿರ ನರ್ಸಮ್ಮ ಕೂತರು. ಅವರಿಗೆ ನಾಲ್ಕು ಹೊಲಿಗೆ ಎಂದರೆ ಏನು ಗೊತ್ತು? ಹೇಳಿಕೊಡಬೇಕಿತ್ತು, ಹೊಳೆಯಲಿಲ್ಲ. ಬೆಂಚಿಗೆ ಬಂದೆ. ಅಲ್ಲಿ ಅಪ್ಪ ಕೂತಿದ್ದರು. ಅಂಗಡಿಗೆ ರಜೆ ಹಾಕಿ, ನಮ್ಮ ಹಿಂದಿನ ಬಸ್ಸಿನಲ್ಲಿ ಬಂದಿದ್ದರಂತೆ. ಕೇಳದೆಯೇ ಹೇಳಿದರು. ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆ. ಕಂಡಕ್ಟರ್ ಅಕ್ಕ ಎರಡು ದಿನದಿಂದ ಬಂದಿರಲಿಲ್ಲ.

"ಹೇಗಿದೆ ತಾಯಿ?"

"ಬಿಸಿ ಇದೆ." ಸ್ಪೀಕರಿನಲ್ಲಿ ಅಮ್ಮನ ದನಿ ಸಣ್ಣಗೆ, ಬೇರೆ ಯಾರದೋ ಎಂಬಂತೆ.

ಮತ್ತೆ ಕೇಳಿದರು. ಮತ್ತೆ "ಬಿಸಿ ಇದೆ." ಮೂರನೆಯ ಸಲ ಉತ್ತರವಿಲ್ಲ. ಉಸಿರಾಟ ಮಾತ್ರ. ಹಲ್ಲು ಕಚ್ಚಿದ ಉಸಿರು. ಆ ಉಸಿರು ನನಗೆ ಗೊತ್ತು. ನಾನು ಎದ್ದು ನಿಂತೆ. ಯಂತ್ರದವರೂ ಕುರ್ಚಿಯಿಂದ ಅರ್ಧ ಎದ್ದರು. "ತಾಯಿ? ಮಾತಾಡಿ. ಇಲ್ದಿದ್ರೆ ನಿಲ್ಲಿಸಿಬಿಡ್ತೀನಿ. ಪೂರ್ತಿ ನಿಲ್ಲಿಸ್ತೀನಿ!"

"ನಿಲ್ಲಿಸ್ಬೇಡಿ!" ಎಂದು ಅಮ್ಮ ಕೂಗಿದಳು. "ಯೋನಿ ಹತ್ರ ಸುಡ್ತಿದೆ! ಬಲಗಡೆ! ಅಲ್ಲಿ ಇಳಿಸಿ, ಉಳಿದಿದ್ದು ಹಾಗೇ ಇರ್ಲಿ! ಕೇಳಿಸ್ತಾ? ಯೋನಿ ಹತ್ರ!"

ಸ್ಪೀಕರ್ ಕರಕರ ಎಂದಿತು. ಇಡೀ ಓಣಿಗೆ ಕೇಳಿತು. ನೀರಿನ ಬಾಟಲಿ ತುಂಬುತ್ತಿದ್ದವನು ತಿರುಗಿ ನೋಡಿದ, ಬಾಟಲಿ ತುಂಬಿ ಚೆಲ್ಲುತ್ತಿತ್ತು.

"ಕೇಳಿಸ್ತು ತಾಯಿ. ಇಳಿಸ್ದೆ."

ಅಪ್ಪ ಎದ್ದರು. ಒಳಗೆ ಹೋಗುತ್ತಾರೆ ಎಂದುಕೊಂಡೆ. ಬಾಗಿಲ ತನಕ ಹೋದರು. ಹಿಡಿಯ ಮೇಲೆ ಕೈಯಿಟ್ಟರು. ಆಮೇಲೆ ಕೈ ತೆಗೆದು, ನೀರು ಕುಡಿಯಲು ಹೋದರು.

ಹೊರಬಂದಾಗ ಅಮ್ಮನ ಕೂದಲೆಲ್ಲ ಒದ್ದೆಯಾಗಿತ್ತು. ಮುಖ ಮುಚ್ಚಿಕೊಳ್ಳಲಿಲ್ಲ. ಒಬ್ಬಳೇ ಮೆಟ್ಟಿಲಿಳಿದಳು. ಸಹನೆಯಂಥದೇನೂ ಆ ಮುಖದಲ್ಲಿರಲಿಲ್ಲ.

ಜೂನ್ ೧೮

ಮಾರ್ಚ್ ಕೊನೆಗೆ, ಗರ್ಭಕೋಶದೊಳಗೇ ನಳಿಕೆಯಿಟ್ಟು ಕೊಡುವ ಕೊನೆಯ ಕರೆಂಟೂ ಮುಗಿದಿತ್ತು. ಇವತ್ತು ಆಮೇಲಿನ ಮೊದಲ ದೊಡ್ಡ ಸ್ಕ್ಯಾನಿನ ಫಲ.

ಹೊರಡುವ ಮೊದಲು ಕಂಡಕ್ಟರ್ ಅಕ್ಕನಿಗೆ ಫೋನ್ ಮಾಡಿದೆ. ಗಂಡ ಎತ್ತಿದ. ತೀರಿಕೊಂಡು ಹತ್ತು ದಿನವಾಯಿತಂತೆ. "ನೀವು ಯಾರು?" ಎಂದ. "ಹುಳ ಅಂತ ಕರೀತಿದ್ರು" ಎಂದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಡಾಕ್ಟರಮ್ಮನ ಕೋಣೆಯಲ್ಲಿ ಮೂರು ಕುರ್ಚಿ. ಅಪ್ಪ ಒಳಗೆ ಬಂದು ಕುರ್ಚಿಯ ಅಂಚಿನ ಮೇಲೆ ಕೂತರು. ಎಲ್ಲಿ ನೋಡಬೇಕೆಂದು ತಿಳಿಯದೆ ಮಂಡಿ ನೋಡಿಕೊಳ್ಳುತ್ತಿದ್ದರು.

"ಚಿಕ್ಕದಾಗಿದೆ" ಎಂದರು ಡಾಕ್ಟರಮ್ಮ. "ತುಂಬಾನೇ ಚಿಕ್ಕದಾಗಿದೆ. ಆದ್ರೆ ಪೂರ್ತಿ ಹೋಗಿಲ್ಲ. ಬಲಗಡೆ ಒಂಚೂರು ಉಳಿದಿದೆ. ಮತ್ತೆ ಕರೆಂಟ್ ಕೊಡೋ ಹಾಗಿಲ್ಲ. ಬೇರೆ ದಾರಿ ಏನಿದೆ ಅಂತ ನಾವೆಲ್ಲ ಕೂತು ಮಾತಾಡ್ತೀವಿ."

ಅಪ್ಪ, "ಟಾನಿಕ್ ಏನಾದ್ರೂ..." ಎಂದು ಶುರುಮಾಡಿದರು. ಅಮ್ಮ ಅವರ ಕಡೆ ನೋಡಿದಳು. ನಿಲ್ಲಿಸಿದರು.

ಅಮ್ಮ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು. "ಒಂದು ಸಲದ ಶಾಖ ತಪ್ಪಿತಲ್ಲ, ನಾನು ಜಾಗ ಹೇಳ್ದೆ ಸುಟ್ಟಾಗ. ಅದು ಆಗಿದ್ದಿದ್ರೆ ಇದೂ ಹೋಗ್ತಿತ್ತಾ?"

"ಹಾಗೆಲ್ಲ ಲೆಕ್ಕ ಹಾಕೋಕಾಗಲ್ಲಮ್ಮ. ಒಬ್ಬೊಬ್ಬರ ಮೈ ಒಂದೊಂದು ಥರ..."

"ಹೋಗ್ತಿತ್ತಾ, ಇಲ್ವಾ?"

ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು, ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಹೇಳಿ ಮೇಡಂ" ಎಂದಳು ಅಮ್ಮ. "ಬಾಯಿ ಇದೆಯಲ್ಲ ನಿಮಗೆ."

ಡಾಕ್ಟರಮ್ಮ ಗೋಡೆಯ ಕ್ಯಾಲೆಂಡರ್ ನೋಡಿದರು. ಈ ತಿಂಗಳಿನದು ಒಂದು ಸೇತುವೆ, ಅದರ ಮೇಲೆ ಯಾರೂ ಇಲ್ಲ.